ಹೆಣವೂ ಉಸಿರಾಡಬೇಕಲ್ವಾ

(ಹವ್ಯಾಸಿ ರಂಗಾಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ‘ಕಪ್ಪು ಹಾಸ್ಯದ ನಾಟಕದಲ್ಲಿ ಅಭಿನಯ’. ಸಾವು, ಸಂಕಟದಂಥ ವಿಷಯದಲ್ಲೇ ನಗು ಹುಟ್ಟಿಸುವುದಕ್ಕೆ ಕಪ್ಪು ಹಾಸ್ಯ ಅನ್ನುತ್ತಾರೆ. ಕೇಳುವುದಕ್ಕೆ ಬಹಳ ದೊಡ್ಡದಾಗಿದೆ. ನಾನು ಹಗಲೆಲ್ಲ ಲೆಕ್ಕಪತ್ರ ನೋಡುವವಳು. ಸಂಜೆ ಆರೂವರೆಯ ಮೇಲೆ ಮಾತ್ರ ನಟಿ. ನಮ್ಮದು ಚಿಕ್ಕ ತಂಡ, ಯಾರಿಗೂ ಸಂಬಳ ಇಲ್ಲ. ಇಷ್ಟು ವರ್ಷದಲ್ಲಿ ಏಳು ನಾಟಕ ಮಾಡಿದ್ದೇನೆ. ಅದರಲ್ಲಿ ಕಪ್ಪು ಹಾಸ್ಯ ಅನ್ನಬಹುದಾದದ್ದು ಒಂದೇ ಒಂದು. ಹಾಗಾಗಿ ಆ ಒಂದರ ಬಗ್ಗೆಯೇ ಮಾತಾಡುತ್ತೇನೆ. ಜಾಸ್ತಿ ಗೊತ್ತಿರುವವರು ಇಲ್ಲಿ ಕೂತಿದ್ದರೆ ಸ್ವಲ್ಪ ಸಹಿಸಿಕೊಳ್ಳಿ.

ನಾಟಕ ನಮ್ಮ ತಂಡದವರೇ ಬರೆದದ್ದು. ಕಥೆ ಇಷ್ಟೇ. ಮನೆ ಮಾರಬೇಕು, ಅದಕ್ಕೆ ಹಿರಿಯರ ಸಹಿ ಬೇಕು. ಕೊಳ್ಳುವವರು ಹತ್ತು ಗಂಟೆಗೆ ಬರುತ್ತಾರೆ. ಒಂಬತ್ತೂವರೆಗೆ ಹಿರಿಯರು ಕೂತ ಕುರ್ಚಿಯಲ್ಲೇ ತೀರಿಕೊಳ್ಳುತ್ತಾರೆ. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ. ಮೂವರೂ ಸೇರಿ ಹೆಣಕ್ಕೆ ಕಪ್ಪು ಕನ್ನಡಕ ಹಾಕಿ, ಶಾಲು ಹೊದಿಸಿ, ಕೂರಿಸುತ್ತಾರೆ. ಬಂದವರು ಅದರ ಜೊತೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಹೊರಡುವಾಗ ‘ಇಷ್ಟು ತಾಳ್ಮೆಯಿಂದ ಕೇಳೋರು ಈಗ ಎಲ್ಲಿ ಸಿಗ್ತಾರೆ’ ಅಂತ ಕೈ ಮುಗಿಯುತ್ತಾರೆ.

ನಾನು ಸೊಸೆ.

ಮೊದಲ ಓದಿನ ದಿನ ನಾವು ನಕ್ಕಿದ್ದು ನಕ್ಕಿದ್ದೇ. ಒಬ್ಬರಿಗೆ ನಗು ತಡೆಯಲಾಗದೆ ಎದ್ದು ಹೊರಗೆ ಹೋಗಬೇಕಾಯಿತು. ನಾಟಕ ಗೆದ್ದಿತು ಅಂದುಕೊಂಡೆವು. ಎರಡು ವಾರ ತಾಲೀಮು ಆದ ಮೇಲೆ ಯಾರೂ ನಗುತ್ತಿರಲಿಲ್ಲ. ಇದು ಎಲ್ಲ ಹಾಸ್ಯ ನಾಟಕಗಳ ಹಣೆಬರಹ. ಅದೇ ಮಾತನ್ನು ಮೂವತ್ತನೇ ಸಲ ಕೇಳಿದಾಗ ಯಾರು ನಗುತ್ತಾರೆ ಹೇಳಿ. ಆಗ ಭಯ ಶುರುವಾಗುತ್ತದೆ. ಭಯ ಶುರುವಾದರೆ ನಟರು ಮಸಾಲೆ ಹಾಕುತ್ತಾರೆ. ದೊಡ್ಡ ಮಗ ಕುಂಟುತ್ತಾ ನಡೆಯತೊಡಗಿದ. ಚಿಕ್ಕ ಮಗ ಕಣ್ಣು ಅರಳಿಸತೊಡಗಿದ. ನಾನೂ ಏನು ಕಮ್ಮಿ ಇರಲಿಲ್ಲ. ನನಗೊಂದು ಮಾತು ಇತ್ತು. ಕೊಳ್ಳುವವರು ‘ಯಜಮಾನರು ಒಪ್ಪಿದ್ದಾರೆ ತಾನೆ?’ ಅಂತ ಕೇಳುತ್ತಾರೆ. ನಾನು ಹೇಳಬೇಕು: ‘ಮಾವ ಈಗ ಯಾರ ಮಾತಿಗೂ ಎದುರಾಡೋದಿಲ್ಲ.’ ನಾನು ಆ ‘ಈಗ’ ಅನ್ನುವ ಪದವನ್ನು ಎಳೆದೆ. ಹುಬ್ಬು ಏರಿಸಿದೆ. ಪ್ರೇಕ್ಷಕರ ಕಡೆ ಅರ್ಧ ತಿರುಗಿದೆ ಕೂಡ.

ನಿರ್ದೇಶಕರು ತಾಲೀಮು ನಿಲ್ಲಿಸಿದರು. ‘ನೀವು ಜೋಕ್ ಹೇಳ್ತಿದ್ದೀರಿ. ಆಕೆ ಜೋಕ್ ಹೇಳ್ತಿಲ್ಲ’ ಅಂದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಕೇಳಿದರು: ‘ಆಫೀಸಲ್ಲಿ ಲೆಕ್ಕ ತಾಳೆ ಆಗದಿದ್ದಾಗ, ಆಡಿಟರ್ ಎದುರಿಗೇ ಕೂತಿದ್ದಾಗ, ನಿಮ್ಮ ಮುಖ ಹೇಗಿರುತ್ತೆ? ಆ ಮುಖ ತನ್ನಿ.’

ನಾನು ಇವತ್ತು ಹೇಳಬೇಕಾದದ್ದು ಹೆಚ್ಚುಕಡಿಮೆ ಇದೇ. ಕಪ್ಪು ಹಾಸ್ಯದಲ್ಲಿ ವೇದಿಕೆಯ ಮೇಲಿರುವ ಯಾರಿಗೂ ಅದು ಹಾಸ್ಯ ಅಂತ ಗೊತ್ತಿರಬಾರದು. ಆ ಸೊಸೆಗೆ ಅವತ್ತಿನ ಬೆಳಗ್ಗೆ ಬದುಕಿನ ಅತಿ ಕೆಟ್ಟ ಬೆಳಗ್ಗೆ. ಮಾವ ಸತ್ತಿದ್ದಾರೆ. ಸಾಲ ಕೊಟ್ಟವರು ಕಾಯುತ್ತಿದ್ದಾರೆ. ಸುಳ್ಳು ಹೇಳಿ ಅಭ್ಯಾಸವಿಲ್ಲ. ಸುಳ್ಳು ಆದಷ್ಟೂ ಕಮ್ಮಿ ಹೇಳೋಣ ಅಂತ ನಿಜವನ್ನೇ ಹೇಳುತ್ತಿದ್ದಾಳೆ, ಪಾಪ. ಮಾವ ಎದುರಾಡೋದಿಲ್ಲ ಅನ್ನುವುದು ನಿಜ ತಾನೆ? ಹಾಗೆ ಹೇಳಿದಾಗ, ಹುಬ್ಬು ಏರಿಸದೆ, ಟೇಬಲ್ಲಿನ ಮೇಲಿನ ಕಾಗದ ಜೋಡಿಸುತ್ತಾ ಸುಮ್ನೆ ಹೇಳಿದಾಗ, ಮೂಲೆಯಲ್ಲಿ ಕೂತಿದ್ದ ಬೆಳಕಿನ ಹುಡುಗ ಪಕ್ಕನೆ ನಕ್ಕ. ಅವನು ಅಷ್ಟೂ ತಾಲೀಮು ನೋಡಿದವನು. ಮೂರು ವಾರದಿಂದ ನಕ್ಕಿರಲಿಲ್ಲ.

ಈ ಬಗೆಯ ಬರಹಕ್ಕೆ ಕಪ್ಪು ಹಾಸ್ಯ ಅನ್ನುವ ಹೆಸರು ನಿಲ್ಲುವಂತೆ ಮಾಡಿದವನು ಫ್ರಾನ್ಸಿನ ಕವಿ ಆಂದ್ರೆ ಬ್ರೆತೋಂ. 1940ರಲ್ಲಿ ಅಂಥ ಬರಹಗಳದ್ದೇ ಒಂದು ಸಂಕಲನ ಮಾಡಿದ. ಮೊದಲ ಜಾಗವನ್ನು ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್‌ಗೆ ಕೊಟ್ಟ. ಸ್ವಿಫ್ಟ್ 1729ರಲ್ಲಿ ಒಂದು ಪುಟ್ಟ ಪ್ರಬಂಧ ಬರೆದಿದ್ದ. ಐರ್ಲೆಂಡಿನ ಬಡತನಕ್ಕೆ ಪರಿಹಾರ ಏನು? ಬಡವರ ಮಕ್ಕಳನ್ನು ಸಿರಿವಂತರು ತಿನ್ನಲಿ, ಅಷ್ಟೇ. ಅದನ್ನು ಓದಿದಾಗ ನನಗೆ ಹಿಡಿಸಿದ್ದು ಅದರ ಲೆಕ್ಕ. ದೇಶದಲ್ಲಿ ಎಷ್ಟು ಮಕ್ಕಳು, ಮಾರಾಟಕ್ಕೆ ಎಷ್ಟು ಸಿಗುತ್ತವೆ, ಸಾಕುವ ಖರ್ಚು ಎಷ್ಟು, ಸ್ನೇಹಿತರನ್ನು ಕರೆದರೆ ಒಂದು ಮಗುವಿನಲ್ಲಿ ಎರಡು ಬಗೆ ಅಡುಗೆ ಆಗುತ್ತದೆ. ಎಲ್ಲೂ ಕಣ್ಣು ಮಿಟುಕಿಸುವುದಿಲ್ಲ. ಲೆಕ್ಕದ ಪುಸ್ತಕದ ದನಿ. ನಮ್ಮ ನಿರ್ದೇಶಕರು ನನ್ನಿಂದ ಕೇಳಿದ್ದೂ ಅದೇ ದನಿ ಅಂತ ಆಮೇಲೆ ಹೊಳೆಯಿತು. ಇಷ್ಟು ವರ್ಷ ಆಫೀಸಿನಲ್ಲಿ ಕೂತದ್ದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು.

ಇದೇ ಪಾಠವನ್ನು ದುಬಾರಿಯಾಗಿ ಕಲಿತ ನಾಟಕ ಒಂದಿದೆ. ಇಂಗ್ಲೆಂಡಿನ ನಾಟಕಕಾರ ಜೋ ಆರ್ಟನ್ ಬರೆದ ‘ಲೂಟ್’. ತಾಯಿಯ ಹೆಣವನ್ನು ಶವಪೆಟ್ಟಿಗೆಯಿಂದ ಹೊರಗೆ ಹಾಕಿ, ಅದರಲ್ಲಿ ಕದ್ದ ಹಣ ಬಚ್ಚಿಡುವ ಕಥೆ. 1965ರಲ್ಲಿ ಇಂಗ್ಲೆಂಡಿನಲ್ಲಿ ಊರೂರು ಸುತ್ತಿದ ಮೊದಲ ಪ್ರದರ್ಶನಗಳು ನೆಲಕಚ್ಚಿದವು. ವಿಚಿತ್ರ ಶೈಲಿ ಮಾಡಿ, ಇದು ತಮಾಷೆ ಅಂತ ತೋರಿಸಿಕೊಂಡು ಆಡಿದ್ದರು. ಆರ್ಟನ್ ತಿದ್ದಿ ಬರೆದ. ಪೂರ್ತಿ ಗಂಭೀರವಾಗಿ, ನಿಜವೆಂಬಂತೆ ಆಡಬೇಕು ಅಂತ ಪಟ್ಟು ಹಿಡಿದ. 1966ರಲ್ಲಿ ಲಂಡನ್ನಿನಲ್ಲಿ ಹೊಸದಾಗಿ ಆಡಿದಾಗ ಗೆದ್ದಿತು. ಕಥೆ ಅದೇ, ಹೆಣ ಅದೇ.

ಚೆಖಾವ್‌ನದ್ದು ಇದಕ್ಕೆ ತಿರುವುಮುರುವು. ತನ್ನ ಕೊನೆಯ ನಾಟಕ ‘ದಿ ಚೆರ್ರಿ ಆರ್ಚರ್ಡ್’ ಅನ್ನು ಈ ರಷ್ಯನ್ ನಾಟಕಕಾರ ಕಾಮಿಡಿ ಅಂತಲೇ ಕರೆದಿದ್ದ. 1904ರಲ್ಲಿ ಅದನ್ನು ರಂಗಕ್ಕೆ ತಂದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಗೆ ಅದು ದುರಂತವಾಗಿ ಕಂಡಿತು. ಅಲ್ಲೂ ಒಂದು ಮನೆ, ಒಂದು ತೋಟ ಕೈಬಿಟ್ಟು ಹೋಗುತ್ತದೆ. ಆ ಜಗಳ ಇನ್ನೂ ಮುಗಿದಿಲ್ಲ, ನಾನು ಅದರಲ್ಲಿ ಕೈ ಹಾಕುವುದಿಲ್ಲ.

ನಮ್ಮ ನಿರ್ದೇಶಕರು ಒಂದು ಉಪಾಯ ಮಾಡಿದರು. ಒಂದು ಸಂಜೆ ಇಡೀ ನಾಟಕವನ್ನು ದುಃಖದ ನಾಟಕ ಅಂತಲೇ ಆಡಿ ಅಂದರು. ಮಾತು ಒಂದೂ ಬದಲಾಗಬಾರದು. ನಿಧಾನಕ್ಕೆ, ಅಳು ಬಂದರೆ ಅತ್ತು. ದೊಡ್ಡ ಮಗ ಅಪ್ಪನಿಗೆ ಕನ್ನಡಕ ಹಾಕುವ ಜಾಗದಲ್ಲಿ ನಿಜಕ್ಕೂ ಗಂಟಲು ಕಟ್ಟಿತು. ಅವನು ಕುಂಟುವುದನ್ನು ಬಿಟ್ಟದ್ದು ಅವತ್ತೇ. ಮಾರನೇ ದಿನ ಅದೇ ನಾಟಕವನ್ನು ಎರಡು ಪಟ್ಟು ವೇಗದಲ್ಲಿ ಆಡಿಸಿದರು. ದುಃಖ ಹಾಗೇ ಇತ್ತು, ಅಳುವುದಕ್ಕೆ ಮಾತ್ರ ಪುರುಸೊತ್ತಿರಲಿಲ್ಲ. ಅದು ನಾಟಕವಾಯಿತು. ನಿಮ್ಮ ತಂಡಗಳಲ್ಲಿ ಏನನ್ನೂ ಪ್ರಯೋಗ ಮಾಡದಿದ್ದರೂ ಇದೊಂದನ್ನು ಮಾಡಿ ನೋಡಿ.

ಅಲಂಕಾರಶಾಸ್ತ್ರ ಓದಿದವರು ಇಲ್ಲಿ ನನ್ನನ್ನು ಹಿಡಿಯಬಹುದು. ಹಾಸ್ಯಕ್ಕೂ ಕರುಣಕ್ಕೂ, ಅಂದರೆ ನಗುವಿನ ರಸಕ್ಕೂ ಶೋಕದ ರಸಕ್ಕೂ, ಆಗಿಬರುವುದಿಲ್ಲ ಅಂತ ಹಳಬರು ಬರೆದಿದ್ದಾರೆ. ಹದಿನಾಲ್ಕನೇ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ವಿಶ್ವನಾಥ ಯಾವ ರಸಕ್ಕೆ ಯಾವುದು ವೈರಿ ಅಂತ ಪಟ್ಟಿ ಕೊಡುತ್ತಾನೆ. ಹಾಸ್ಯಕ್ಕೆ ಇಬ್ಬರು ವೈರಿಗಳು: ಭಯಾನಕ, ಕರುಣ. ಅಂದರೆ ನಮ್ಮ ನಾಟಕದಲ್ಲಿ ಇರುವುದೆಲ್ಲ! ಆದರೆ ಅವನಿಗಿಂತ ಐದು ಶತಮಾನ ಹಿಂದೆ ಅಂಥದೇ ಇನ್ನೊಬ್ಬ ಮೀಮಾಂಸಕ ಆನಂದವರ್ಧನ ಒಂದು ದಾರಿ ಬಿಟ್ಟಿದ್ದಾನೆ. ವೈರಿ ರಸಗಳನ್ನು ಒಬ್ಬನಲ್ಲೇ ಇಡಬೇಡ, ಬೇರೆ ಬೇರೆ ಆಶ್ರಯ ಕೊಡು, ಆಗ ದೋಷವಿಲ್ಲ ಅನ್ನುತ್ತಾನೆ. ನಾಯಕನಲ್ಲಿ ವೀರ ಇದ್ದರೆ ಭಯ ಅವನ ಶತ್ರುವಿನಲ್ಲಿರಲಿ, ಹೀಗೆ. ಅವನು ಹೇಳಿದ್ದು ಕಾವ್ಯದೊಳಗಿನ ಪಾತ್ರಗಳ ಬಗ್ಗೆ. ನಾನು ಸ್ವಲ್ಪ ಎಳೆದು ಹೇಳುತ್ತಿದ್ದೇನೆ, ವಿದ್ವಾಂಸರು ಕ್ಷಮಿಸಬೇಕು: ಕರುಣ ವೇದಿಕೆಯ ಮೇಲಿರಲಿ, ಹಾಸ್ಯ ಕುರ್ಚಿಗಳ ಸಾಲಿನಲ್ಲಿರಲಿ. ನಟ ನಕ್ಕ ಕೂಡಲೇ ಎರಡೂ ಒಂದೇ ಮನೆಗೆ ಬಂದವು, ಕಾದಾಡಿಕೊಂಡು ಸತ್ತವು.

ನಟ ನಗದೇ ಇರುವುದು ಹೇಳಿದಷ್ಟು ಸುಲಭ ಅಲ್ಲ. ವೇದಿಕೆಯ ಮೇಲೆ ಪಾತ್ರ ಬಿಟ್ಟು ನಗು ಬಂದುಬಿಡುವುದಕ್ಕೆ ಇಂಗ್ಲಿಷ್ ರಂಗಭೂಮಿಯವರು ‘ಕಾರ್ಪ್ಸಿಂಗ್’ ಅನ್ನುತ್ತಾರೆ. ಕಾರ್ಪ್ಸ್ ಅಂದರೆ ಹೆಣ. ಹೆಣವಾಗಿ ಮಲಗಿದವನಿಗೆ ನಗು ಬಂದರೆ ಅದಕ್ಕಿಂತ ಕೆಟ್ಟದ್ದಿಲ್ಲವಲ್ಲ, ಅದರಿಂದ ಆ ಹೆಸರು ಬಂತು ಅಂತ ವಿವರಣೆ. ನಮ್ಮಲ್ಲಿ ಹೆಣ ಗಟ್ಟಿಯಾಗಿತ್ತು. ನಾನೂ ಚಿಕ್ಕ ಮಗನೂ ಸಡಿಲ. ಒಬ್ಬರ ಕಣ್ಣು ಒಬ್ಬರು ನೋಡಿದರೆ ಮುಗಿಯಿತು. ಕೆನ್ನೆಯ ಒಳಗೆ ಕಚ್ಚಿಕೊಳ್ಳಿ ಅನ್ನುತ್ತಾರೆ, ಅದನ್ನು ನಂಬಬೇಡಿ. ಮೂರನೇ ಸಾಲಿನವರೆಗೂ ಕಾಣುತ್ತದೆ. ಎದುರಿನವರ ಹಣೆ ನೋಡುವುದು ಸ್ವಲ್ಪ ಪರವಾಗಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಕೈಗೆ ಕೆಲಸ ಕೊಡುವುದು. ಶಾಲಿನ ಮಡಿಕೆ ಸರಿ ಮಾಡು, ಕಾಗದ ಎಣಿಸು. ನಿಜವಾಗಿ ಎಣಿಸಬೇಕು, ಎಣಿಸಿದ ಹಾಗೆ ಮಾಡಬಾರದು. ಹದಿಮೂರು, ಹದಿನಾಲ್ಕು ಅನ್ನುವಾಗ ನಗು ಬರುವುದಿಲ್ಲ.

ಈಗ ಹೆಣದ ವಿಷಯಕ್ಕೆ ಬರೋಣ. ಆ ಪಾತ್ರ ಮಾಡಿದವರು ನಮ್ಮ ತಂಡದ ಹಿರಿಯರು. ನಿವೃತ್ತ ಮೇಷ್ಟ್ರು. ಎಲ್ಲರೂ ಮೇಷ್ಟ್ರೇ ಅಂತಲೇ ಕರೆಯುವುದು. ಮೊದಲ ಹತ್ತು ನಿಮಿಷ ಅವರಿಗೆ ಮಾತಿದೆ, ಆಮೇಲೆ ಒಂದು ಗಂಟೆ ಹತ್ತು ನಿಮಿಷ ಹೆಣ. ‘ಡೈಲಾಗ್ ಮರೆಯೋ ಭಯ ಇಲ್ಲ’ ಅಂತ ಖುಷಿಯಾಗಿ ಒಪ್ಪಿದ್ದರು. ಎರಡನೇ ದಿನಕ್ಕೇ ಗೊತ್ತಾಯಿತು, ಇಡೀ ನಾಟಕದ ಕಷ್ಟದ ಪಾತ್ರ ಅವರದ್ದೇ.

ಹೆಣ ಉಸಿರಾಡಬಾರದು. ಮನುಷ್ಯ ಉಸಿರಾಡದೆ ಇರಲಾರ. ಎದೆಯಿಂದ ಉಸಿರಾಡಿದರೆ ಭುಜ ಏಳುತ್ತದೆ, ಹಿಂದಿನ ಸಾಲಿಗೂ ಕಾಣುತ್ತದೆ. ಹೊಟ್ಟೆಯಿಂದ, ಸಣ್ಣಗೆ ಉಸಿರಾಡಬೇಕು. ಹೊಟ್ಟೆಯ ಮೇಲೆ ದಪ್ಪ ಶಾಲು ಬೇಕು. ತೆಳು ಶಾಲು ಹೊದಿಸಿದ ದಿನ ಅದು ಅಲೆಯ ಹಾಗೆ ಏರಿಳಿಯಿತು. ಕುರ್ಚಿಯನ್ನು ಪ್ರೇಕ್ಷಕರಿಗೆ ನೇರ ಇಡದೆ ಸ್ವಲ್ಪ ಓರೆ ಮಾಡಿದೆವು. ಮೇಲಿಂದ ಬೀಳುವ ಬೆಳಕನ್ನು ಅವರ ಮೇಲೆ ಕಡಿಮೆ ಮಾಡಿದೆವು. ಕಣ್ಣಿಗೆ ಕಪ್ಪು ಕನ್ನಡಕ ಇತ್ತು, ನಾಟಕಕಾರರ ಪುಣ್ಯ. ಕನ್ನಡಕ ಇಲ್ಲದ ಹೆಣ ಮಾಡಬೇಕಾದರೆ ರೆಪ್ಪೆ ಅದುರದಂತೆ ಇಡುವುದೇ ಒಂದು ಸಾಧನೆ.

ಇಷ್ಟಾದರೂ ನಾಲ್ಕೈದು ನಿಮಿಷಕ್ಕೊಮ್ಮೆ ಒಂದು ದೊಡ್ಡ ಉಸಿರು ಬೇಕು ಅಂದರು ಮೇಷ್ಟ್ರು. ಆಗ ನಿರ್ದೇಶಕರು ನಮ್ಮ ಚಲನೆಗಳನ್ನೆಲ್ಲ ಅವರ ಉಸಿರಿಗೆ ಹೊಂದಿಸಿದರು. ಅವರಿಗೆ ಉಸಿರು ಬೇಕಾದಾಗ ವೇದಿಕೆಯ ಆ ತುದಿಯಲ್ಲಿ ಏನಾದರೂ ಆಗಬೇಕು. ಚಿಕ್ಕ ಮಗ ಪಾತ್ರೆ ಬೀಳಿಸುತ್ತಾನೆ. ದೊಡ್ಡ ಮಗ ಬಾಗಿಲು ಬಡಿಯುತ್ತಾನೆ. ನಾನು ಕಿಟಕಿಗೆ ಓಡುತ್ತೇನೆ. ಪ್ರೇಕ್ಷಕರ ಕಣ್ಣು ಓಡುವವರ ಹಿಂದೆ ಹೋಗುತ್ತದೆ, ಮೇಷ್ಟ್ರು ಉಸಿರೆಳೆದುಕೊಳ್ಳುತ್ತಾರೆ. ನಾಟಕ ನೋಡಿದವರೊಬ್ಬರು ‘ಆ ಮನೆಯವರ ಗಾಬರಿ ಎಷ್ಟು ಚೆನ್ನಾಗಿ ಬಂದಿದೆ’ ಅಂತ ಹೊಗಳಿದರು. ಅದು ಗಾಬರಿ ಅಲ್ಲ, ಮೇಷ್ಟ್ರ ಶ್ವಾಸಕೋಶ.

ಎರಡನೇ ಪ್ರದರ್ಶನದಲ್ಲಿ ಒಂದು ಘಟನೆ ನಡೆಯಿತು. ಕೊಳ್ಳುವವರು ಮಾತಾಡುತ್ತಿದ್ದಾರೆ. ಯಾರೂ ಮುಟ್ಟಿಲ್ಲ. ಮೇಷ್ಟ್ರ ಬಲಗೈ ತಾನಾಗಿ ಕುರ್ಚಿಯ ಹಿಡಿಯಿಂದ ಜಾರಿ ಜೋತುಬಿತ್ತು. ತಾಲೀಮಿನಲ್ಲಿ ಇಲ್ಲದ್ದು. ಪ್ರೇಕ್ಷಕರು ಜೋರಾಗಿ ನಕ್ಕರು. ನಾನು ಏನೂ ಯೋಚಿಸದೆ ಹೋಗಿ ಆ ಕೈಯನ್ನು ಎತ್ತಿ ಹಿಡಿಯ ಮೇಲಿಟ್ಟೆ. ಕೂತಲ್ಲೇ ನಿದ್ದೆ ಹೋದ ಮುದುಕರ ಕೈಯನ್ನು ಇಡುವ ಹಾಗೆ, ಬೆರಳು ಮಡಚಿ, ಮೆಲ್ಲಗೆ. ನಗು ನಿಂತುಹೋಯಿತು. ಕಮ್ಮಿಯಾಗಲಿಲ್ಲ, ಕತ್ತರಿಸಿದ ಹಾಗೆ ನಿಂತಿತು. ಮುಂದಿನ ಮಾತು ಹೇಳುವುದಕ್ಕೆ ನನಗೂ ಧೈರ್ಯ ಬರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ. ಅಷ್ಟರಲ್ಲಿ ಕೊಳ್ಳುವ ಪಾತ್ರದವರು ‘ಯಜಮಾನರಿಗೆ ದಣಿವಾಗಿದೆ’ ಅಂದರು. ಅದು ನಾಟಕದಲ್ಲಿದ್ದ ಮಾತೇ, ಆದರೆ ಎರಡು ಪುಟ ಮುಂದಿನದ್ದು. ನಗು ಮತ್ತೆ ಬಂತು.

ಪರದೆ ಬಿದ್ದ ಮೇಲೆ ನಾನು ಮೇಷ್ಟ್ರ ಹತ್ತಿರ ಓಡಿದೆ. ಎಂಥ ಕಲ್ಪನೆ ಮೇಷ್ಟ್ರೇ ಅಂದೆ. ‘ಪಾತ್ರದಲ್ಲಿ ಮುಳುಗಿಬಿಟ್ಟಿದ್ದೆ ಕಣಮ್ಮ’ ಅಂದರು. ನಾಲ್ಕು ದಿನ ಆದ ಮೇಲೆ ಒಪ್ಪಿಕೊಂಡರು, ನಿದ್ದೆ ಬಂದುಬಿಟ್ಟಿತ್ತಂತೆ. ಮೂರನೇ ಪ್ರದರ್ಶನದಲ್ಲಿ ಅದನ್ನೇ ಬೇಕೆಂದು ಮಾಡಿದೆವು. ಅವರು ಕೈ ಜಾರಿಸಿದರು, ನಾನು ಎತ್ತಿಟ್ಟೆ. ನಗು ಬಂತು. ಮೌನ ಬರಲಿಲ್ಲ. ನಾಲ್ಕನೇ ಪ್ರದರ್ಶನಕ್ಕೆ ಕೈಬಿಟ್ಟೆವು.

ನಗುವಿನ ಬಗ್ಗೆ ಎರಡು ಮಾತು. ನಗು ಬಂದಾಗ ಮುಂದಿನ ಮಾತು ಯಾವಾಗ ಹೇಳಬೇಕು? ನಗು ಪೂರ್ತಿ ಆರುವ ತನಕ ಕಾಯಬೇಡಿ, ನಾಟಕ ತಣ್ಣಗಾಗುತ್ತದೆ. ಏರುತ್ತಿರುವಾಗ ಹೇಳಿದರೆ ಮಾತು ಮುಳುಗುತ್ತದೆ. ಇಳಿಯಲು ಶುರುವಾದ ಕ್ಷಣ ಹಿಡಿಯಬೇಕು. ಕಾಯುತ್ತಿರುವಾಗ ಪಾತ್ರ ಬದುಕಿರಬೇಕು, ಫೋಟೊಗೆ ನಿಂತ ಹಾಗೆ ನಿಲ್ಲಬಾರದು.

ಕಪ್ಪು ಹಾಸ್ಯದಲ್ಲಿ ಇನ್ನೊಂದು ತೊಡಕು ಇದೆ. ಇಲ್ಲಿ ಜನ ನಗುವ ಮೊದಲು ಪಕ್ಕದವರ ಮುಖ ನೋಡುತ್ತಾರೆ. ನಗಬಹುದಾ ಅಂತ. ನಮ್ಮಂಥ ಚಿಕ್ಕ ತಂಡಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಪ್ರೇಕ್ಷಕರಲ್ಲಿ ಅರ್ಧ ಜನ ನಮ್ಮ ಪರಿಚಯದವರೇ. ನನ್ನ ಅತ್ತೆ ಎರಡನೇ ಸಾಲಿನಲ್ಲಿ ಕೂತಿದ್ದರು. ನಾನು ವೇದಿಕೆಯ ಮೇಲೆ ಸತ್ತ ಮಾವನ ಬೆರಳು ಹಿಡಿದು ಸಹಿ ಮಾಡಿಸುತ್ತಿದ್ದೇನೆ! ಹಾಗಾಗಿ ಜನಕ್ಕೆ ಅಪ್ಪಣೆ ಬೇಗ ಸಿಗಬೇಕು. ನಮ್ಮ ನಾಟಕದ ಮೂರನೇ ನಿಮಿಷದಲ್ಲಿ, ಇನ್ನೂ ಯಾರೂ ಸತ್ತಿಲ್ಲದಾಗ, ಕಳೆದುಹೋದ ಚಪ್ಪಲಿಯ ಬಗ್ಗೆ ಒಂದು ಸಾಧಾರಣ ತಮಾಷೆ ಇತ್ತು. ನಮಗದು ಸಪ್ಪೆ ಅನಿಸಿತ್ತು, ಕಿತ್ತುಹಾಕೋಣ ಅಂದಿದ್ದೆವು. ಅದಕ್ಕೆ ನಗು ಬಾರದ ಒಂದೇ ದಿನ ಇಡೀ ನಾಟಕ ಸತ್ತಂತಿತ್ತು.

ಸಾವನ್ನು ನೋಡಿ ನಗಬಹುದಾ ಅಂತ ಪ್ರದರ್ಶನ ಆದ ಮೇಲೆ ಒಬ್ಬರು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದರು. ನಮ್ಮ ನಾಟಕದಲ್ಲಿ ಸತ್ತವರ ಬಗ್ಗೆ ಒಂದೂ ನಗು ಇಲ್ಲ. ಇಡೀ ಮನೆಯಲ್ಲಿ ಮರ್ಯಾದಸ್ಥರು ಅಂದರೆ ಹೆಣ ಒಂದೇ. ನಗು ಇರುವುದು ಬದುಕಿರುವವರ ಪರದಾಟದ ಮೇಲೆ. ಮೊದಲ ಪ್ರತಿಯಲ್ಲಿ ಕೆಲಸದ ಹುಡುಗನ ತೊದಲಿನ ಮೇಲೆ ಒಂದು ತಮಾಷೆ ಇತ್ತು. ತಾಲೀಮಿನಲ್ಲಿ ಅದಕ್ಕೆ ಚೆನ್ನಾಗಿ ನಗು ಬರುತ್ತಿತ್ತು. ಅದನ್ನು ತೆಗೆದೆವು. ಅದು ಕಪ್ಪು ಹಾಸ್ಯ ಅಲ್ಲ, ಸುಮ್ನೆ ಕೊಳಕು. ಬರೆದವರಿಗೆ ಎರಡು ದಿನ ಬೇಜಾರಿತ್ತು.

ಕೊನೆಯದಾಗಿ ಒಂದು ಗಡಿಯಾರದ ವಿಷಯ. ನಮ್ಮ ರಂಗಪರಿಕರಗಳೆಲ್ಲ ನಮ್ಮ ನಮ್ಮ ಮನೆಯವೇ. ಶಾಲು ನನ್ನದು, ಕುರ್ಚಿ ನಿರ್ದೇಶಕರದ್ದು. ಹೆಣದ ಕೈಗೆ ಕಟ್ಟುವ ಗಡಿಯಾರ ಚಿಕ್ಕ ಮಗನ ಪಾತ್ರ ಮಾಡುತ್ತಿದ್ದ ಹುಡುಗ ತಂದದ್ದು. ಅವನ ಅಪ್ಪನದು. ‘ನಾಟಕ ಮುಗಿದ ಮೇಲೆ ನೆನಪಿಟ್ಟು ವಾಪಸ್ ಕೊಡಿ’ ಅಂತ ಹೇಳಿ ಕಳಿಸಿದ್ದರು. ನಾಟಕದಲ್ಲಿ ಚಿಕ್ಕ ಮಗ ಯಾರಿಗೂ ಕಾಣದಂತೆ ಅಪ್ಪನ ಕೈಯಿಂದ ಗಡಿಯಾರ ಬಿಚ್ಚುತ್ತಾನೆ. ಕಿವಿಗೆ ಹಿಡಿದು ‘ಇದು ಇನ್ನೂ ಓಡ್ತಿದೆ’ ಅನ್ನುತ್ತಾನೆ. ಜೇಬಿಗೆ ಹಾಕಿಕೊಳ್ಳುತ್ತಾನೆ. ಖಾತ್ರಿ ನಗು ಬರುವ ಜಾಗ.

ಮೊದಲ ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ ಅವನ ಅಪ್ಪ ತೀರಿಕೊಂಡರು.

ನಾಟಕ ಮುಂದೆ ಹಾಕೋಣ ಅಂದರು ನಿರ್ದೇಶಕರು. ಅವನು ಬೇಡ ಅಂದ. ಎಂಟು ದಿನ ಬಿಟ್ಟು ತಾಲೀಮಿಗೆ ಬಂದ. ನಾವು ಅವನಿಗೆ ಹೇಳದೆ ಪರಿಕರದ ಮೇಜಿನ ಮೇಲೆ ಬೇರೆ ಗಡಿಯಾರ ಇಟ್ಟಿದ್ದೆವು. ಅವನು ನೋಡಿದ. ಏನೂ ಅನ್ನಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಚೀಲದಲ್ಲಿ ಹುಡುಕಿ ಹಳೆಯದನ್ನೇ ತಂದು ಮೇಷ್ಟ್ರ ಕೈಗೆ ತಾನೇ ಕಟ್ಟಿದ.

ಆರ್ಟನ್‌ನ ವಿಷಯ ಹೇಳುತ್ತಿದ್ದೆನಲ್ಲ. ‘ಲೂಟ್’ ಲಂಡನ್ನಿನಲ್ಲಿ ಓಡುತ್ತಿದ್ದಾಗಲೇ, 1966ರ ಡಿಸೆಂಬರಿನಲ್ಲಿ, ಅವನ ತಾಯಿ ತೀರಿಕೊಂಡಳು. ಆ ನಾಟಕದಲ್ಲಿ ಸತ್ತ ತಾಯಿಯ ಹಲ್ಲಿನ ಸೆಟ್ಟಿನ ಜೊತೆ ಆಟವಾಡುವ ಒಂದು ಜಾಗ ಇದೆ. ಆರ್ಟನ್ ತನ್ನ ತಾಯಿಯ ಹಲ್ಲಿನ ಸೆಟ್ಟನ್ನೇ ಥಿಯೇಟರಿಗೆ ತಂದು ನಟನ ಕೈಗಿಟ್ಟ. ನಟ ಬೆಚ್ಚಿಬಿದ್ದ. ಇದನ್ನು ಹೇಳುವವರು ಆರ್ಟನ್ ಎಂಥ ಕಲ್ಲುಮನಸ್ಸಿನವನು ಅಂತ ತೋರಿಸುವುದಕ್ಕೆ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಹುಡುಗ ಗಡಿಯಾರ ಕಟ್ಟಿದ್ದನ್ನು ನೋಡಿದ ಮೇಲೆ ಅಷ್ಟು ಖಾತ್ರಿಯಾಗಿ ಹೇಳಲಾರೆ.

ಮೊದಲ ಪ್ರದರ್ಶನದಲ್ಲಿ ಆ ಜಾಗ ಬಂತು. ನಾನು ವೇದಿಕೆಯ ಪಕ್ಕದ ಮರೆಯಲ್ಲಿ ನಿಂತಿದ್ದೆ. ಅವನು ಬಿಚ್ಚಿದ. ಕಿವಿಗೆ ಹಿಡಿದ. ‘ಇದು ಇನ್ನೂ ಓಡ್ತಿದೆ’ ಅಂದ. ಎಂದಿನಂತೆ ಜೋರು ನಗು. ಅವನು ಎಂದಿನಂತೆ ಇಳಿಯುವ ತನಕ ಕಾದ, ಸರಿಯಾದ ಕ್ಷಣಕ್ಕೆ ಮುಂದಿನ ಮಾತು ಹೇಳಿದ. ಒಂದು ಚೂರು ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾಲ್ಕು ಪ್ರದರ್ಶನದಲ್ಲೂ ಹಾಗೇ.

ಕೊನೆಯ ದಿನ ಎಲ್ಲ ಕಟ್ಟಿಡುವಾಗ ಪರಿಕರ ನೋಡಿಕೊಳ್ಳುವ ಹುಡುಗಿ ಪಟ್ಟಿ ಹಿಡಿದು ಒಂದೊಂದನ್ನೇ ಗುರುತು ಹಾಕುತ್ತಿದ್ದಳು. ಯಾರದ್ದು ಯಾರಿಗೆ ವಾಪಸ್ ಅಂತ ಬರೆದು ಸಹಿ ತೆಗೆದುಕೊಳ್ಳುವುದು ನಮ್ಮ ಪದ್ಧತಿ, ಅದನ್ನು ಶುರು ಮಾಡಿಸಿದವಳು ನಾನೇ. ‘ಕೈಗಡಿಯಾರ’ ಅನ್ನುವ ಸಾಲಿನಲ್ಲಿ ಅವನ ಅಪ್ಪನ ಹೆಸರಿತ್ತು. ಅವಳು ಪೆನ್ನು ಹಿಡಿದು ಸುಮ್ಮನೆ ನಿಂತಳು. ಅವನು ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಹೆಸರಿನ ಎದುರಿಗೆ ಸಹಿ ಹಾಕಿದ. ಆಮೇಲೆ ನಮ್ಮ ಕಡೆ ನೋಡಿ, ‘ಈ ಸಲ ಸಹಿ ನಾನೇ ಹಾಕಿದೀನಿ, ಬೆರಳು ಯಾರೂ ಹಿಡಿದಿಲ್ಲ’ ಅಂದ.

ಅವತ್ತು ನಾವು ನಕ್ಕ ಹಾಗೆ ಮೊದಲ ಓದಿನ ದಿನವೂ ನಕ್ಕಿರಲಿಲ್ಲ. ಮೇಷ್ಟ್ರು ಮಾತ್ರ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸುತ್ತಿದ್ದರು.